ಐಟಿ ಉದ್ಯಮದಲ್ಲಿ ಎಚ್‌ಆರ್ ವೃತ್ತಿ: ಮೂವತ್ತು ವರ್ಷ ಬಾಳುವ ದಾರಿಯನ್ನು ಆರಿಸಿಕೊಳ್ಳುವುದು ಹೇಗೆ

ಬೆಂಗಳೂರಿನ ಐಟಿ ಕಂಪನಿಗಳ ಮಾನವ ಸಂಪನ್ಮೂಲ ವಿಭಾಗಕ್ಕೆ ಹೊಸದಾಗಿ ಸೇರುವವರು ಹಿರಿಯರನ್ನು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕಂಪನಿ ಒಳ್ಳೆಯದು ಎಂದು. ಆರಂಭದ ಎರಡು ಮೂರು ವರ್ಷಗಳ ಮಟ್ಟಿಗೆ ಆ ಪ್ರಶ್ನೆ ಸರಿಯಾದದ್ದೇ. ಆದರೆ ಇಪ್ಪತ್ತೈದರ ಹರೆಯದಲ್ಲಿ ಸೇರಿದವರು ಐವತ್ತೈದರವರೆಗೂ ಇದೇ ಕ್ಷೇತ್ರದಲ್ಲಿ ಗೌರವದಿಂದ ಉಳಿಯಬೇಕೆಂದರೆ ಕಂಪನಿಯ ಹೆಸರಿಗಿಂತಲೂ ತಾವು ಮಾಡುವ ಕೆಲಸ ಯಾವ ಬಗೆಯದು, ಅದರಲ್ಲಿ ತಮಗೆ ಎಷ್ಟು ಆಳ ದಕ್ಕಿದೆ ಎಂಬುದು ಮುಖ್ಯವಾಗುತ್ತದೆ. ಈ ಬರಹವು ಅಂಥ ದೀರ್ಘ ಪಯಣದಲ್ಲಿ ಎದುರಾಗುವ ಆಯ್ಕೆಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡುತ್ತದೆ.

ಯಾವ ಆಯ್ಕೆಯನ್ನು ತೂಗುವಾಗಲೂ ನಾನು ಮೂರು ಸಂಗತಿಗಳನ್ನು ಕೇಳಿಕೊಳ್ಳುತ್ತೇನೆ. ಕಂಪನಿಯು ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದ ವರ್ಷದಲ್ಲಿಯೂ ಆ ಕೆಲಸ ಉಳಿಯುತ್ತದೆಯೇ? ಅಲ್ಲಿ ಕಲಿತ ವಿದ್ಯೆಗೆ ಮತ್ತೊಂದು ಕಂಪನಿಯಲ್ಲಿ ಅಷ್ಟೇ ಬೆಲೆ ಇರುತ್ತದೆಯೇ? ಕಷ್ಟದ ತೀರ್ಮಾನವನ್ನು ಕೈಗೊಳ್ಳುವ ಸಭೆಗೆ ಆ ಕೆಲಸದವರನ್ನು ಕರೆಯುತ್ತಾರೆಯೇ, ಅಥವಾ ತೀರ್ಮಾನವಾದ ಮೇಲೆ ಪತ್ರ ಟೈಪ್ ಮಾಡಲು ಮಾತ್ರ ಕರೆಯುತ್ತಾರೆಯೇ? ಈ ಮೂರನ್ನೂ ಇಟ್ಟುಕೊಂಡು ನೋಡಿದರೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ವೃತ್ತಿಯ ಮೊದಲ ಹನ್ನೆರಡು ವರ್ಷಗಳೊಳಗೆ ವೇತನದ ಲೆಕ್ಕಾಚಾರದಲ್ಲಾಗಲಿ, ಉದ್ಯೋಗ ಕಾನೂನಿನಲ್ಲಾಗಲಿ ನಿಜವಾದ ಆಳವನ್ನು ಗಳಿಸಿಕೊಂಡವರೇ ಕೊನೆಯವರೆಗೆ ನಿಲ್ಲುತ್ತಾರೆ.

ನೇಮಕಾತಿಯಲ್ಲೇ ಮುಂದುವರಿಯುವುದೋ, ದಾಟಿಹೋಗುವುದೋ

ಬಹುಪಾಲು ಜನರ ವೃತ್ತಿ ಶುರುವಾಗುವುದು ನೇಮಕಾತಿಯಿಂದ. ಶುರುವಾತಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ನೌಕ್ರಿ ಮತ್ತು ಲಿಂಕ್ಡ್‌ಇನ್‌ಗಳಲ್ಲಿ ಅಭ್ಯರ್ಥಿಗಳನ್ನು ಹುಡುಕುವುದು, ಮ್ಯಾನೇಜರ್ ಹೇಳಿದ ಬೇಡಿಕೆಯಲ್ಲಿ ನಿಜವಾಗಿ ಬೇಕಾದದ್ದೇನು ಎಂದು ಬಿಡಿಸಿಕೊಳ್ಳುವುದು, ಆಫರ್ ಕೊಟ್ಟ ಬಳಿಕ ತೊಂಬತ್ತು ದಿನಗಳ ನೋಟಿಸ್ ಪೀರಿಯಡ್ ಮುಗಿಯುವವರೆಗೂ ಆ ಅಭ್ಯರ್ಥಿ ಇನ್ನೊಂದು ಆಫರ್ ಹಿಡಿದು ಹೋಗದಂತೆ ಸಂಪರ್ಕದಲ್ಲಿರುವುದು, ಇವೆಲ್ಲ ಕಂಪನಿಯ ವ್ಯವಹಾರವನ್ನೂ ಮನುಷ್ಯರ ಲೆಕ್ಕಾಚಾರವನ್ನೂ ಬಲು ಬೇಗ ಕಲಿಸುತ್ತವೆ.

ತೊಂದರೆ ಇರುವುದು ಇದೇ ಕೆಲಸದಲ್ಲಿ ಹದಿನೈದು ವರ್ಷ ಕಳೆಯುವುದರಲ್ಲಿ. ಐಟಿಯ ನೇಮಕಾತಿ ಅಲೆಗಳ ಮೇಲೆ ನಿಂತ ಕೆಲಸ. ಇನ್ಫೋಸಿಸ್‌ನಲ್ಲಿ ಸ್ವಯಂ ರಾಜೀನಾಮೆ ಕೊಟ್ಟು ಹೋಗುವವರ ಪ್ರಮಾಣವು 2022ರ ಜೂನ್‌ಗೆ ಮುಗಿದ ತ್ರೈಮಾಸಿಕದಲ್ಲಿ ಶೇ 28.4 ಇತ್ತು, 2023ರ ಡಿಸೆಂಬರ್ ಹೊತ್ತಿಗೆ ಅದು ಶೇ 12.9ಕ್ಕೆ ಇಳಿಯಿತು. ಬಿಟ್ಟು ಹೋದವರ ಜಾಗ ತುಂಬುವುದೇ ನೇಮಕಾತಿ ತಂಡದ ಬಹುಪಾಲು ಕೆಲಸವಾಗಿರುವುದರಿಂದ, ಈ ಒಂದು ಅಂಕಿ ಅರ್ಧಕ್ಕಿಂತ ಕೆಳಗೆ ಬಂದಿತೆಂದರೆ ತಂಡದ ಗಾತ್ರವೂ ಅದರ ಹಿಂದೆಯೇ ಇಳಿಯುತ್ತದೆ. 2023–24ರ ಆರ್ಥಿಕ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಈ ಮೂರು ಕಂಪನಿಗಳ ಒಟ್ಟು ನೌಕರರ ಸಂಖ್ಯೆಯೇ ಸುಮಾರು 64,000ದಷ್ಟು ಕಡಿಮೆಯಾಯಿತು. ಅಂಥ ವರ್ಷಗಳಲ್ಲಿ ಮೊದಲು ಮನೆಗೆ ಹೋಗುವವರು ಸ್ಟಾಫಿಂಗ್ ಕಂಪನಿಗಳ ಮೂಲಕ ಗುತ್ತಿಗೆಯ ಮೇಲೆ ಬಂದ ರಿಕ್ರೂಟರ್‌ಗಳು. ಅವರ ನಂತರದ ಸರದಿ ಲ್ಯಾಟರಲ್ ನೇಮಕಾತಿಯನ್ನಷ್ಟೇ, ಅಂದರೆ ಬೇರೆ ಕಂಪನಿಗಳ ಅನುಭವಿಗಳನ್ನು ತರುವುದನ್ನಷ್ಟೇ, ಬಲ್ಲ ಒಳಗಿನವರದ್ದು.

ನೇಮಕಾತಿಯನ್ನೇ ಪ್ರೀತಿಸುವವರು ಇದ್ದಾರೆ, ಅವರು ಅದನ್ನು ಬಿಡಲೇಬೇಕೆಂದು ನಾನು ಹೇಳುವುದಿಲ್ಲ. ಅಂಥವರಿಗೆ ಎರಡು ಕವಲುಗಳು ಗಟ್ಟಿಯಾಗಿವೆ. ಒಂದು, ನಿರ್ದೇಶಕ ಮತ್ತು ಉಪಾಧ್ಯಕ್ಷರ ಮಟ್ಟದ ಹಿರಿಯ ನೇಮಕಾತಿ. ಇಲ್ಲಿ ಸಂಖ್ಯೆ ಕಡಿಮೆ, ನಂಬಿಕೆಯ ಪಾತ್ರ ಹೆಚ್ಚು, ವಯಸ್ಸು ಹೆಚ್ಚಿದಂತೆ ಬೆಲೆಯೂ ಏರುತ್ತದೆ. ಇನ್ನೊಂದು, ಮುಂದಿನ ಎರಡು ವರ್ಷಗಳಿಗೆ ಯಾವ ಕೌಶಲದವರು ಎಷ್ಟು ಮಂದಿ ಬೇಕು, ಅವರನ್ನು ಹೊರಗಿನಿಂದ ತರುವುದೋ ಒಳಗೇ ತಯಾರು ಮಾಡುವುದೋ ಎಂದು ಯೋಜಿಸುವ ಕೆಲಸ. ಉಳಿದವರು ಐದಾರು ವರ್ಷಗಳ ಒಳಗೆ ದಾಟಿಕೊಳ್ಳುವುದು ಒಳಿತು. ದಾಟುವುದಕ್ಕೆ ಸಹಜವಾದ ಸೇತುವೆ ವೇತನ ವಿಭಾಗ, ಏಕೆಂದರೆ ಮಾರುಕಟ್ಟೆಯಲ್ಲಿ ಯಾವ ಕೆಲಸಕ್ಕೆ ಎಷ್ಟು ಸಿಟಿಸಿ (ನೌಕರನಿಗಾಗಿ ಕಂಪನಿ ಮಾಡುವ ವರ್ಷದ ಒಟ್ಟು ಖರ್ಚು) ನಡೆಯುತ್ತಿದೆ ಎಂಬುದನ್ನು ರಿಕ್ರೂಟರ್‌ಗಿಂತ ಮೊದಲು ಅರಿಯುವವರು ಯಾರೂ ಇರುವುದಿಲ್ಲ. ಆಫರ್ ಚೌಕಾಸಿಯ ಅನುಭವವನ್ನು ಗ್ರೇಡ್ ಮತ್ತು ವೇತನ ಶ್ರೇಣಿಯ ಭಾಷೆಗೆ ಬದಲಿಸಿಕೊಂಡರೆ ಆ ಬಾಗಿಲು ತೆರೆಯುತ್ತದೆ.

ಬಿಸಿನೆಸ್ ಪಾರ್ಟ್‌ನರ್ ಮತ್ತು ವಿಷಯ ತಜ್ಞರು

ದೊಡ್ಡ ಕಂಪನಿಗಳು ಎಚ್‌ಆರ್ ಕೆಲಸವನ್ನು ಇಂದು ಮೂರು ಭಾಗ ಮಾಡಿಕೊಂಡಿವೆ. ವ್ಯವಹಾರ ಘಟಕದ ಮುಖ್ಯಸ್ಥರ ಜೊತೆಗಿದ್ದು ಅಲ್ಲಿಯ ಜನರ ವಿಷಯವನ್ನೆಲ್ಲ ನೋಡಿಕೊಳ್ಳುವ ಬಿಸಿನೆಸ್ ಪಾರ್ಟ್‌ನರ್, ಅಂದರೆ ಎಚ್‌ಆರ್‌ಬಿಪಿ. ವೇತನ, ತರಬೇತಿ, ಉದ್ಯೋಗಿ ಸಂಬಂಧ ಮುಂತಾದ ಒಂದೊಂದು ವಿಷಯದಲ್ಲಿ ಪರಿಣತಿ ಇರುವ ತಜ್ಞರ ಕೇಂದ್ರ. ಪೇರೋಲ್, ಪತ್ರಗಳು, ಹಾಜರಿ, ರಜೆ, ಬಿಟ್ಟುಹೋಗುವವರ ಬಾಕಿ ಲೆಕ್ಕ ತೀರಿಸುವ ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್‌ಗಳನ್ನು ನಡೆಸುವ ಕಾರ್ಯಾಚರಣೆ ತಂಡ. ಮೊದಲೆರಡರ ನಡುವೆ ಆಯ್ಕೆ ಮಾಡಿಕೊಳ್ಳುವ ಸಂದರ್ಭ ಎಂಟು ಹತ್ತು ವರ್ಷಗಳ ಅನುಭವದ ಹೊತ್ತಿಗೆ ಎಲ್ಲರಿಗೂ ಬರುತ್ತದೆ.

ಎಚ್‌ಆರ್‌ಬಿಪಿ ಹುದ್ದೆಗೆ ಹೊಳಪು ಹೆಚ್ಚು. ಸಭೆಗೆ ಕರೆ ಬರುತ್ತದೆ, ವ್ಯವಹಾರದ ಒಳಹೊರಗು ತಿಳಿಯುತ್ತದೆ, ಮುಂದೆ ಇಡೀ ವಿಭಾಗದ ಮುಖ್ಯಸ್ಥರಾಗಲು ಇದೇ ಹೆದ್ದಾರಿ. ಆದರೆ ಈ ಹುದ್ದೆಯಲ್ಲಿ ಗಳಿಸಿದ ಬಂಡವಾಳದ ದೊಡ್ಡ ಪಾಲು ಆ ಕಂಪನಿಯ ಜನರ ಪರಿಚಯ, ಆ ಮುಖ್ಯಸ್ಥರ ವಿಶ್ವಾಸ, ಅಲ್ಲಿಯ ಅಪ್ರೈಸಲ್ ಪದ್ಧತಿಯ ಅರಿವು. ಕಂಪನಿ ಬದಲಾದಾಗ ಇವು ಹಿಂದೆಯೇ ಉಳಿಯುತ್ತವೆ. ಘಟಕದ ಮುಖ್ಯಸ್ಥರು ಬದಲಾದರೂ ಸಾಕು, ನಾಲ್ಕು ವರ್ಷಗಳಲ್ಲಿ ಕಟ್ಟಿದ ವಿಶ್ವಾಸವನ್ನು ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ. ತಜ್ಞರ ಬಂಡವಾಳ ಹಾಗಲ್ಲ. ಷೇರು ಯೋಜನೆಯ ತೆರಿಗೆ ನಿಯಮವಾಗಲಿ, ವಿಚಾರಣೆ ನಡೆಸುವ ಕ್ರಮವಾಗಲಿ ವೈಟ್‌ಫೀಲ್ಡ್‌ನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಒಂದೇ. ಆದ್ದರಿಂದ ಮೊದಲು ತಜ್ಞರಾಗಿ ಆಮೇಲೆ ಎಚ್‌ಆರ್‌ಬಿಪಿ ಆಗುವುದು, ಎಚ್‌ಆರ್‌ಬಿಪಿ ಆಗಿದ್ದು ಆಮೇಲೆ ತಜ್ಞತೆ ಹುಡುಕುವುದಕ್ಕಿಂತ ಸುಲಭವೂ ಭದ್ರವೂ ಆದ ಕ್ರಮ ಎಂಬುದು ನನ್ನ ಎಣಿಕೆ.

ತಜ್ಞತೆಗಳಲ್ಲಿ ಎಲ್ಲವೂ ಸಮಾನವಲ್ಲ. ತರಬೇತಿ ವಿಭಾಗವು ಮನಸ್ಸಿಗೆ ತೃಪ್ತಿ ಕೊಡುವ ಕೆಲಸವಾದರೂ ಖರ್ಚು ಕಡಿತದ ಮೊದಲ ಪಟ್ಟಿಯಲ್ಲಿ ಅದರ ಹೆಸರಿರುತ್ತದೆ. ತಾಂತ್ರಿಕ ಕೌಶಲ ತರಬೇತಿಯನ್ನೇ ಉದ್ಯಮದ ಅಡಿಪಾಯ ಮಾಡಿಕೊಂಡ ಸಂಸ್ಥೆಗಳಲ್ಲಿ ಮಾತ್ರ ಅದಕ್ಕೆ ದೀರ್ಘ ಬಾಳಿಕೆ ಇದೆ. ನೌಕರರ ಸಂಭ್ರಮಾಚರಣೆ, ಅಭಿಪ್ರಾಯ ಸಮೀಕ್ಷೆಗಳನ್ನು ನೋಡಿಕೊಳ್ಳುವ ಹುದ್ದೆಗಳ ಮೇಲೆ ಇಡೀ ವೃತ್ತಿಯನ್ನು ನಿಲ್ಲಿಸಬಾರದು.

ವೇತನ ಮತ್ತು ಸವಲತ್ತುಗಳ ವಿಭಾಗವನ್ನು ಸಂಖ್ಯೆಗಳ ಭಯದಿಂದ ಅನೇಕರು ದೂರವಿಡುತ್ತಾರೆ. ಅಲ್ಲಿಯ ಗಣಿತವು ಹೈಸ್ಕೂಲಿನದ್ದನ್ನು ದಾಟುವುದು ಅಪರೂಪ. ಬೇಕಾದದ್ದು ಎಚ್ಚರ ಮತ್ತು ತಾಳ್ಮೆ. ವೇತನ ಶ್ರೇಣಿಗಳನ್ನು ಕಟ್ಟುವುದು, ವರ್ಷದ ಹೈಕ್‌ಗೆ ಮೀಸಲಾದ ಹಣವನ್ನು ಹಂಚುವುದು, ಸಾಧನೆಗೆ ತಕ್ಕಂತೆ ಬದಲಾಗುವ ವೇರಿಯಬಲ್ ಪೇ ನಿಯಮ ಬರೆಯುವುದು, ತಂದೆ ತಾಯಿಯರನ್ನೂ ಒಳಗೊಳ್ಳುವ ಗುಂಪು ಆರೋಗ್ಯ ವಿಮೆಯ ಪ್ರೀಮಿಯಂ ಬಗ್ಗೆ ವಿಮಾ ಕಂಪನಿಯೊಂದಿಗೆ ಮಾತಾಡುವುದು ಇದರ ದಿನನಿತ್ಯದ ಕೆಲಸ. ಕಂಪನಿಯ ಷೇರನ್ನು ನಿಗದಿತ ಬೆಲೆಗೆ ಮುಂದೆ ಕೊಳ್ಳುವ ಹಕ್ಕನ್ನು ನೌಕರರಿಗೆ ಕೊಡುವ ಷೇರು ಆಯ್ಕೆಯ ಯೋಜನೆಗಳು (ಇಸಾಪ್) ಬಂದ ಮೇಲೆ ಈ ವಿದ್ಯೆಯ ಬೆಲೆ ಇನ್ನೂ ಏರಿದೆ. ಇಸಾಪ್ ಕೊಟ್ಟ ದಿನಕ್ಕೂ ಅದು ಕೈಗೆ ದಕ್ಕುವ ದಿನಕ್ಕೂ ನಡುವೆ ಕನಿಷ್ಠ ಒಂದು ವರ್ಷ ಇರಬೇಕೆಂಬ ನಿಯಮ, ಷೇರು ಕೊಳ್ಳುವಾಗ ಸಂಬಳದ ಆದಾಯವೆಂದೂ ಮಾರುವಾಗ ಬಂಡವಾಳ ಗಳಿಕೆಯೆಂದೂ ಎರಡು ಸಲ ಬರುವ ತೆರಿಗೆ, ಅಮೆರಿಕದ ಮಾತೃಸಂಸ್ಥೆಯ ಷೇರು ಪಡೆದ ಇಲ್ಲಿಯ ನೌಕರರು ತಮ್ಮ ಆದಾಯ ತೆರಿಗೆ ವಿವರದಲ್ಲಿ ವಿದೇಶಿ ಆಸ್ತಿಯೆಂದು ಅದನ್ನು ಘೋಷಿಸಬೇಕಾದ ಕರ್ತವ್ಯ, ಇವನ್ನು ಒಬ್ಬ ಎಂಜಿನಿಯರ್‌ಗೆ ಸರಳವಾಗಿ ಬಿಡಿಸಿ ಹೇಳಬಲ್ಲ ಎಚ್‌ಆರ್ ಅಧಿಕಾರಿ ಯಾವ ಕಂಪನಿಯಲ್ಲಿಯೂ ಅಪರೂಪ.

ಕಾನೂನಿನ ದಾರಿ

ಉದ್ಯೋಗಿ ಸಂಬಂಧ ಮತ್ತು ಕಾನೂನು ಪಾಲನೆಯ ಕೆಲಸ ಕಾರ್ಖಾನೆಯವರಿಗೆ ಸೇರಿದ್ದು, ಐಟಿಗೆ ಅದರ ಹಂಗಿಲ್ಲ ಎಂಬ ಭಾವನೆ ನಮ್ಮಲ್ಲಿ ಬಹಳ ಕಾಲ ಇತ್ತು. ಕರ್ನಾಟಕ ಸರ್ಕಾರವು ಐಟಿ ಮತ್ತು ಐಟಿ ಆಧಾರಿತ ಸೇವೆಗಳ ಕಂಪನಿಗಳಿಗೆ ಕೆಲಸದ ಷರತ್ತುಗಳನ್ನು ಲಿಖಿತವಾಗಿ ನಿಗದಿ ಮಾಡಬೇಕೆನ್ನುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಮತ್ತೆ ಮತ್ತೆ ವಿನಾಯಿತಿ ನೀಡುತ್ತ ಬಂದದ್ದೂ ಈ ಭಾವನೆಗೆ ಒಂದು ಕಾರಣ. ಆದರೆ ಆ ವಿನಾಯಿತಿಗೆ ಷರತ್ತುಗಳಿದ್ದವು: ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ ಇರಬೇಕು, ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಶಿಸ್ತು ಕ್ರಮದ ವಿವರವನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು. 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘಟನೆ ಕೆಐಟಿಯು ಬಲವಂತದ ರಾಜೀನಾಮೆಯ ದೂರುಗಳನ್ನು ಹಿಡಿದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗತೊಡಗಿದ ಮೇಲೆ, ಅಲ್ಲಿ ಅಧಿಕಾರಿಯ ಎದುರು ಕುಳಿತು ಕಂಪನಿಯ ಪರವಾಗಿ ದಾಖಲೆಗಳನ್ನಿಟ್ಟು ಮಾತಾಡಬಲ್ಲವರು ಬೇಕೆಂಬುದು ಎಲ್ಲರಿಗೂ ಅರಿವಾಯಿತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಹಳೆಯ ಕಾಯ್ದೆಗಳ ಸ್ಥಾನವನ್ನು ಪಡೆದದ್ದು ಈ ದಾರಿಯನ್ನು ಹಿಂದೆಂದಿಗಿಂತ ಅಗಲ ಮಾಡಿದೆ. ಮೂಲ ವೇತನವನ್ನು ತಗ್ಗಿಸಿ ಭತ್ಯೆಗಳನ್ನು ಹೆಚ್ಚಿಸುವ ನಮ್ಮ ಸಿಟಿಸಿ ರೂಢಿಯನ್ನು ವೇತನದ ಹೊಸ ವ್ಯಾಖ್ಯೆ ನೇರವಾಗಿ ಮುಟ್ಟುತ್ತದೆ. ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು, ಅದರಿಂದ ಗ್ರಾಚ್ಯುಟಿಯ ಲೆಕ್ಕ ಏರುತ್ತದೆ. ನಿಗದಿತ ಅವಧಿಯ ನೌಕರರಿಗೆ ಐದು ವರ್ಷ ಕಾಯದೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ಬಂದಿದೆ. ರಾಜೀನಾಮೆ ಕೊಟ್ಟವರಿಗೂ ಕೆಲಸದಿಂದ ತೆಗೆಯಲ್ಪಟ್ಟವರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆಂದು ವೇತನ ಸಂಹಿತೆ ಹೇಳುವಾಗ, ಫುಲ್ ಅಂಡ್ ಫೈನಲ್‌ಗೆ ತಿಂಗಳು ಒಂದೂವರೆ ತಿಂಗಳು ತೆಗೆದುಕೊಳ್ಳುತ್ತಿದ್ದ ಕಂಪನಿಗಳ ಇಡೀ ಕ್ರಮವೇ ಬದಲಾಗಬೇಕಾಗುತ್ತದೆ. ಈ ಬದಲಾವಣೆಯನ್ನು ಬರೆದು, ಹಣಕಾಸು ವಿಭಾಗಕ್ಕೆ ಮನವರಿಕೆ ಮಾಡಿ, ನೌಕರರಿಗೆ ವಿವರಿಸಿ ಜಾರಿಗೆ ತರುವವರು ಮುಂದಿನ ಹಲವು ವರ್ಷ ಕೆಲಸವಿಲ್ಲದೆ ಕೂರುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ವಿದ್ಯೆ ಕಂಪನಿಯನ್ನು ಉಳಿಸುವುದಕ್ಕಷ್ಟೇ ಇರುವುದಲ್ಲ. ಪಿಐಪಿಯಲ್ಲಿ, ಅಂದರೆ ಕೆಲಸ ಸುಧಾರಿಸಿಕೊಳ್ಳಲು ಗಡುವು ಕೊಡುವ ಕ್ರಮದಲ್ಲಿ, ಇಟ್ಟ ನೌಕರನಿಗೆ ನಿಜವಾದ ಅವಕಾಶ ಕೊಟ್ಟಿದ್ದಾರೆಯೇ, ನೌಕರರನ್ನು ಶ್ರೇಣಿಗಳಾಗಿ ಹಂಚುವ ಬೆಲ್ ಕರ್ವ್‌ನ ಕೆಳತುದಿಗೆ ಹೆರಿಗೆ ರಜೆಯಿಂದ ಮರಳಿದವರನ್ನೇ ತಳ್ಳಿದ್ದಾರೆಯೇ, ದೂರು ಕೊಟ್ಟ ಹೆಣ್ಣುಮಗಳ ಪ್ರಾಜೆಕ್ಟ್ ಇದ್ದಕ್ಕಿದ್ದಂತೆ ಏಕೆ ಬದಲಾಯಿತು ಎಂದು ಕೇಳುವ ಅಧಿಕಾರ ಬರುವುದು ಕಾನೂನನ್ನು ಬಲ್ಲವರಿಗೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು, ಅದರ ಅರ್ಧದಷ್ಟಾದರೂ ಸದಸ್ಯರು ಮಹಿಳೆಯರಿರಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಇದನ್ನು ಕಾಗದದ ಮೇಲೆ ಪಾಲಿಸುವುದಕ್ಕೂ ದೂರುದಾರರಿಗೂ ಆರೋಪಿತರಿಗೂ ನ್ಯಾಯವಾಯಿತೆಂದು ಅನ್ನಿಸುವಂತೆ ನಡೆಸುವುದಕ್ಕೂ ಇರುವ ಅಂತರವೇ ಈ ವೃತ್ತಿಯ ಸಾರ. ಸಂಕಟದಲ್ಲಿದ್ದ ಮನುಷ್ಯರ ಎದುರು ಕುಳಿತು ಸತ್ಯವನ್ನು ಹೇಳುವ ಧೈರ್ಯ ಇಲ್ಲದವರು ಈ ದಾರಿಗೆ ಬರಬಾರದು. ಇರುವವರಿಗೆ ಇದಕ್ಕಿಂತ ಅರ್ಥಪೂರ್ಣವಾದ ಕೆಲಸ ಎಚ್‌ಆರ್‌ನಲ್ಲಿ ಬೇರೊಂದಿಲ್ಲ.

ಕನ್ನಡ ಬಲ್ಲವರಿಗೆ ಇಲ್ಲಿ ನಿಜವಾದ ಮೇಲುಗೈ ಇದೆ. ಐಟಿ ಕ್ಯಾಂಪಸ್‌ನ ಭದ್ರತಾ ಸಿಬ್ಬಂದಿ, ಹೌಸ್‌ಕೀಪಿಂಗ್‌ನವರು, ಕ್ಯಾಬ್ ಚಾಲಕರು ಗುತ್ತಿಗೆದಾರರ ನೌಕರರಾದರೂ ಅವರ ಪಿಎಫ್, ಇಎಸ್‌ಐ, ಕನಿಷ್ಠ ವೇತನಗಳ ವಿಷಯದಲ್ಲಿ ಕೊನೆಯ ಹೊಣೆ ಮುಖ್ಯ ಮಾಲೀಕರ, ಅಂದರೆ ಆ ಐಟಿ ಕಂಪನಿಯ, ಮೇಲೆ ಬರುತ್ತದೆ. ಅವರ ಅಹವಾಲನ್ನು ಅವರ ಮಾತಿನಲ್ಲೇ ಕೇಳಬಲ್ಲ, ಇಲಾಖೆಯ ನೋಟಿಸಿಗೆ ಕನ್ನಡದಲ್ಲೇ ಉತ್ತರ ಬರೆಯಬಲ್ಲ ಅಧಿಕಾರಿಗೆ ಆ ಕಂಪನಿಯಲ್ಲಿ ಬದಲಿ ಸಿಗುವುದು ಸುಲಭವಲ್ಲ.

ಸೇವಾ ಕಂಪನಿ, ಜಿಸಿಸಿ, ಸ್ಟಾರ್ಟ್‌ಅಪ್

ಕೆಲಸದ ಬಗೆಯನ್ನು ಆರಿಸಿಕೊಂಡ ಮೇಲೆ ಕಂಪನಿಯ ಬಗೆ. ಟಿಸಿಎಸ್, ಇನ್ಫೋಸಿಸ್‌ನಂಥ ಸೇವಾ ಕಂಪನಿಗಳಲ್ಲಿ ಎಲ್ಲವೂ ಲಕ್ಷಗಳ ಲೆಕ್ಕದಲ್ಲಿ ನಡೆಯುತ್ತದೆ. ಕ್ಯಾಂಪಸ್ ನೇಮಕಾತಿ, ಮೈಸೂರಿನ ಇನ್ಫೋಸಿಸ್ ಆವರಣದಂಥ ಕಡೆ ಹೊಸಬರ ತರಬೇತಿ, ಬೆಂಚ್‌ನಲ್ಲಿ, ಅಂದರೆ ಪ್ರಾಜೆಕ್ಟ್ ಇಲ್ಲದೆ ಕಾಯುತ್ತಿರುವವರನ್ನು, ಪ್ರಾಜೆಕ್ಟ್‌ಗೆ ಹೊಂದಿಸುವುದು, ವಿದೇಶಕ್ಕೆ ಕಳುಹಿಸುವ ವೀಸಾ ಕೆಲಸ, ಇವೆಲ್ಲವನ್ನೂ ವ್ಯವಸ್ಥಿತವಾಗಿ ಹೇಗೆ ನಡೆಸಬೇಕೆಂದು ಕಲಿಯಲು ಇವುಗಳಷ್ಟು ಒಳ್ಳೆಯ ಜಾಗ ಇಲ್ಲ. ಕೊರತೆ ಎಂದರೆ ಕೆಲಸದ ತುಂಡು ತೀರ ಚಿಕ್ಕದಾಗಿರುವುದು; ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಒಂದನ್ನೇ ಮಾಡುತ್ತ ವರ್ಷಗಳನ್ನು ಕಳೆದವರು ಅಲ್ಲಿ ಅನೇಕರಿದ್ದಾರೆ. ಎರಡು ವರ್ಷಕ್ಕೊಮ್ಮೆ ಒಳಗೇ ವಿಭಾಗ ಬದಲಿಸಲು ಲಿಖಿತವಾಗಿ ಕೇಳುತ್ತಲೇ ಇರಬೇಕು. ಒಂದೇ ದೇಶದ ವೀಸಾದ ಮೇಲೆ ಪರಿಣತಿ ಕಟ್ಟಿಕೊಳ್ಳುವುದರ ಅಪಾಯವನ್ನಂತೂ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕವು ಹೊಸ ಎಚ್‌–1ಬಿ ಕೆಲಸದ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ ಎಲ್ಲರೂ ಕಂಡರು.

ಜಾಗತಿಕ ಸಾಮರ್ಥ್ಯ ಕೇಂದ್ರಗಳು, ಎಲ್ಲರ ಬಾಯಲ್ಲಿ ಜಿಸಿಸಿಗಳು, ಅಂದರೆ ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕಾಗಿ ಇಲ್ಲಿ ನಡೆಸುವ ಕಚೇರಿಗಳು, ಬೆಂಗಳೂರಿಗೆ ಹೊಸವಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿಯೇ ಇಲ್ಲಿ ಕೇಂದ್ರ ತೆರೆಯಿತು. ಜಿಇ ತನ್ನ ಸಂಶೋಧನಾ ಕೇಂದ್ರವನ್ನು 2000ದಲ್ಲಿ ವೈಟ್‌ಫೀಲ್ಡ್‌ನಲ್ಲಿ ಸ್ಥಾಪಿಸಿತು. ಇಂದು ದೇಶದಲ್ಲಿ 1,700ಕ್ಕೂ ಹೆಚ್ಚು ಜಿಸಿಸಿಗಳಿದ್ದು, ಅವುಗಳಲ್ಲಿ ಅತಿ ದೊಡ್ಡ ಗುಂಪು ಬೆಂಗಳೂರಿನದು. ನಡುವಯಸ್ಸಿನ ಎಚ್‌ಆರ್ ವೃತ್ತಿಗೆ ನಾನು ಹೆಚ್ಚಾಗಿ ಸೂಚಿಸುವುದು ಈ ಕೇಂದ್ರಗಳನ್ನೇ. ಸಂಬಳ ಮತ್ತು ಸವಲತ್ತು ಉತ್ತಮ, ನೌಕರರ ಸಂಖ್ಯೆ ಕೆಲವು ನೂರರಿಂದ ಕೆಲವು ಸಾವಿರದೊಳಗೆ ಇರುವುದರಿಂದ ಕೆಲಸದಲ್ಲಿ ಅಗಲವೂ ಸಿಗುತ್ತದೆ. ಆದರೆ ಸೇರುವ ಮುನ್ನ ಕೇಳಲೇಬೇಕಾದ ಪ್ರಶ್ನೆಗಳಿವೆ. ಇಲ್ಲಿಯ ಎಚ್‌ಆರ್ ಮುಖ್ಯಸ್ಥರಿಗೆ ವೇತನ ಶ್ರೇಣಿಯನ್ನು ಬದಲಿಸುವ ಅಧಿಕಾರ ಇದೆಯೇ, ಅಥವಾ ಪ್ರತಿ ವಿನಾಯಿತಿಗೂ ಡಲ್ಲಾಸ್‌ನಿಂದಲೋ ಮ್ಯೂನಿಕ್‌ನಿಂದಲೋ ಒಪ್ಪಿಗೆ ಬರಬೇಕೇ? ಕೇಂದ್ರವು ಉತ್ಪನ್ನದ ಹೊಣೆ ಹೊತ್ತಿದೆಯೇ, ಅಥವಾ ಖರ್ಚು ಉಳಿಸುವುದೊಂದೇ ಅದರ ಕೆಲಸವೇ? ಎರಡನೆಯದಾದರೆ ಮಾತೃಸಂಸ್ಥೆಯಲ್ಲಿ ನೆಗಡಿಯಾದ ದಿನ ಇಲ್ಲಿ ಜ್ವರ ಬರುತ್ತದೆ. ಅಮೆರಿಕದ ಕೇಂದ್ರಗಳಲ್ಲಿ ರಾತ್ರಿ ಎಂಟು ಒಂಬತ್ತರ ಕರೆಗಳು ಬದುಕಿನ ಭಾಗವಾಗುತ್ತವೆ; ಯುರೋಪಿನವುಗಳಲ್ಲಿ ಹೆಚ್ಚಾಗಿ ಸಂಜೆಯೊಳಗೆ ಮುಗಿಯುತ್ತವೆ. ಚಿಕ್ಕ ಮಕ್ಕಳಿರುವವರಿಗೂ ವಯಸ್ಸಾದ ತಂದೆ ತಾಯಿಯರನ್ನು ನೋಡಿಕೊಳ್ಳುವವರಿಗೂ ಈ ವ್ಯತ್ಯಾಸ ಸಂಬಳದ ವ್ಯತ್ಯಾಸಕ್ಕಿಂತ ದೊಡ್ಡದಾಗಬಹುದು, ಆದ್ದರಿಂದ ಅದನ್ನು ಸಂದರ್ಶನದಲ್ಲಿ ಕೇಳಲು ಸಂಕೋಚ ಬೇಡ.

ಸ್ಟಾರ್ಟ್‌ಅಪ್‌ಗಳಲ್ಲಿ ಒಬ್ಬರೇ ಇಡೀ ವಿಭಾಗವಾಗಿರುತ್ತಾರೆ. ಆಫರ್ ಲೆಟರ್‌ನ ಮಾದರಿಯಿಂದ ಹಿಡಿದು ರಜೆಯ ನೀತಿ, ಪೇರೋಲ್ ತಂತ್ರಾಂಶದ ಆಯ್ಕೆ, ಇಸಾಪ್ ಯೋಜನೆಯವರೆಗೆ ಎಲ್ಲವನ್ನೂ ಮೊದಲಿನಿಂದ ಕಟ್ಟುವ ಅವಕಾಶ ಬೇರೆಲ್ಲಿಯೂ ಸಿಗದು. ಸ್ವಿಗ್ಗಿ 2024ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂದಂಥ ಸಂದರ್ಭಗಳಲ್ಲಿ ನೌಕರರ ಇಸಾಪ್‌ಗಳು ನಿಜವಾದ ಹಣವಾದದ್ದೂ ಉಂಟು. ಕಾಗದದಲ್ಲೇ ಉಳಿದ ಇಸಾಪ್‌ಗಳು ಅದಕ್ಕಿಂತ ಎಷ್ಟೋ ಹೆಚ್ಚು. ಇಸಾಪ್‌ನ ಬೆಲೆಯನ್ನು ಸೊನ್ನೆ ಎಂದಿಟ್ಟುಕೊಂಡು, ಉಳಿದ ಸಂಬಳದಲ್ಲಿ ಮನೆ ನಡೆಯುತ್ತದೆಯೇ ಎಂದು ನೋಡಿ ಸೇರುವುದು ಸರಿ. ವೃತ್ತಿಯ ಮೊದಲ ವರ್ಷಗಳಲ್ಲಿ ಸ್ಟಾರ್ಟ್‌ಅಪ್‌ಗೆ ಹೋಗುವುದನ್ನು ನಾನು ಬೆಂಬಲಿಸುವುದಿಲ್ಲ, ಏಕೆಂದರೆ ಅಲ್ಲಿ ಕೆಲಸ ತಿದ್ದುವ ಹಿರಿಯರು ಇರುವುದಿಲ್ಲ, ತಪ್ಪು ಕ್ರಮವೇ ರೂಢಿಯಾಗಿಬಿಡುತ್ತದೆ. ವ್ಯವಸ್ಥೆಯೊಂದನ್ನು ಒಳಗಿನಿಂದ ಕಂಡ ಏಳೆಂಟು ವರ್ಷಗಳ ನಂತರ ಹೋದವರು ಅಲ್ಲಿ ಬೆಳಗುತ್ತಾರೆ.

ಪದವಿಗಳ ವಿಷಯ

ಎಂಬಿಎಯೋ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯುವೋ ಎಂಬ ಪ್ರಶ್ನೆಗೆ ಅನಗತ್ಯವಾದ ತೂಕ ಕೊಡಲಾಗುತ್ತಿದೆ. ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ, ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ ಎರಡನೆಯ ಯೋಚನೆ ಬೇಡ, ಅವುಗಳ ಹಳೆಯ ವಿದ್ಯಾರ್ಥಿಗಳ ಬಳಗವೇ ಮುಂದಿನ ಮೂವತ್ತು ವರ್ಷ ಜೊತೆಗಿರುತ್ತದೆ. ಉಳಿದಂತೆ ಮೊದಲ ಕೆಲಸ ಸಿಕ್ಕ ಮೇಲೆ ಪದವಿಯ ಹೆಸರನ್ನು ಕೇಳುವವರು ಕಡಿಮೆ. 1948ರ ಕಾರ್ಖಾನೆಗಳ ಕಾಯ್ದೆಯು 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು ಹೇಳಿದ್ದರಿಂದ, ಮಂಗಳೂರಿನ ರೋಶನಿ ನಿಲಯ, ಮೈಸೂರು, ಧಾರವಾಡಗಳಲ್ಲಿ ಸಮಾಜಕಾರ್ಯ ಓದಿದವರು ದೊಡ್ಡ ಕಾರ್ಖಾನೆಗಳತ್ತ ಹೋಗುವ ಹಾದಿ ನಮ್ಮಲ್ಲಿ ಹಳೆಯದು. ಆ ಓದಿನಲ್ಲಿ ಸಿಗುವ ಕ್ಷೇತ್ರಕಾರ್ಯದ ಪಳಗುವಿಕೆ, ಎದುರಿನವರ ಮಾತನ್ನು ಪೂರ್ತಿ ಕೇಳುವ ಅಭ್ಯಾಸ ಉದ್ಯೋಗಿ ಸಂಬಂಧದ ಕೆಲಸಕ್ಕೆ ಇಂದಿಗೂ ಅತ್ಯುತ್ತಮ ತಯಾರಿ. ಕೆಲಸದಲ್ಲಿದ್ದುಕೊಂಡೇ ಕಾನೂನು ಕಲಿಯಬಯಸುವವರಿಗೆ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ ನಡೆಸುವ ವ್ಯವಹಾರ ಕಾನೂನುಗಳ ದೂರಶಿಕ್ಷಣ ಸ್ನಾತಕೋತ್ತರ ವ್ಯಾಸಂಗವಿದೆ. ಎರಡನೆಯ ಎಂಬಿಎ ಮಾಡುವುದಕ್ಕಿಂತ ಅದು ಹೆಚ್ಚು ಫಲ ಕೊಡುತ್ತದೆ.

ಯಂತ್ರಕ್ಕೆ ಹೋಗುವ ಕೆಲಸ, ಮನುಷ್ಯರಿಗೆ ಉಳಿಯುವ ಕೆಲಸ

ಐಬಿಎಂ ಮುಖ್ಯಸ್ಥ ಅರವಿಂದ ಕೃಷ್ಣ 2023ರ ಮೇ ತಿಂಗಳಲ್ಲಿ, ಎಚ್‌ಆರ್‌ನಂಥ ಗ್ರಾಹಕರ ಮುಂದೆ ಬಾರದ ಕೆಲಸಗಳಲ್ಲಿರುವ ಸುಮಾರು 26,000 ಮಂದಿಯ ಪೈಕಿ ಶೇ 30ರಷ್ಟನ್ನು ಐದು ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆ ಮತ್ತು ಸ್ವಯಂಚಾಲನೆ ತುಂಬಬಹುದೆಂದು ಹೇಳಿದರು. ಲೆಕ್ಕ ಹಾಕಿದರೆ ಅದು ಸುಮಾರು 7,800 ಹುದ್ದೆ. ಉದ್ಯೋಗ ದೃಢೀಕರಣ ಪತ್ರ ಕೊಡುವುದು, ರಜೆ ನೀತಿಯ ಪ್ರಶ್ನೆಗೆ ಉತ್ತರಿಸುವುದು, ರೆಸ್ಯೂಮೆಗಳ ಮೊದಲ ಸುತ್ತಿನ ಜರಡಿ, ಸಂದರ್ಶನದ ಸಮಯ ಹೊಂದಿಸುವುದು, ಇವನ್ನು ನೆಚ್ಚಿಕೊಂಡ ಹುದ್ದೆಗಳಿಗೆ ಹೆಚ್ಚು ಆಯುಷ್ಯವಿಲ್ಲವೆಂದೇ ನಾನು ಭಾವಿಸುತ್ತೇನೆ. ಕಾರ್ಯಾಚರಣೆ ತಂಡದಲ್ಲಿರುವವರು ಗಾಬರಿಯಾಗುವ ಬದಲು ಅಲ್ಲಿಯೇ ಎರಡು ದಿಕ್ಕಿನಲ್ಲಿ ಏರಬಹುದು. ವರ್ಕ್‌ಡೇ, ಸಕ್ಸಸ್‌ಫ್ಯಾಕ್ಟರ್ಸ್, ಡಾರ್ವಿನ್‌ಬಾಕ್ಸ್‌ಗಳಂಥ ತಂತ್ರಾಂಶಗಳನ್ನು ಕಂಪನಿಗೆ ಹೊಂದಿಸಿ ಕೊಡುವ ಪರಿಣತಿ ಒಂದು ದಿಕ್ಕು. ನೌಕರರ ಮಾಹಿತಿಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಗೆ ಅನುಗುಣವಾಗಿ ಹೇಗೆ ಇಟ್ಟುಕೊಳ್ಳಬೇಕು, ಯಂತ್ರವು ಯಾರನ್ನು ಏಕೆ ತಿರಸ್ಕರಿಸಿತು ಎಂಬುದನ್ನು ಹೇಗೆ ಪರಿಶೀಲಿಸಬೇಕು ಎಂಬುದು ಇನ್ನೊಂದು. ಎರಡನೆಯದನ್ನು ಬಲ್ಲವರು ಇನ್ನೂ ಬೆರಳೆಣಿಕೆಯಷ್ಟು.

ಬೆಂಗಳೂರಿನ ಆಚೆ, ಮತ್ತು ನಲವತ್ತೈದರ ನಂತರ

2024ರ ನವೆಂಬರ್‌ನಲ್ಲಿ ಪ್ರಕಟವಾದ ಕರ್ನಾಟಕದ ಜಿಸಿಸಿ ನೀತಿಯು 2029ರೊಳಗೆ 500 ಹೊಸ ಕೇಂದ್ರಗಳ ಗುರಿ ಇಟ್ಟುಕೊಂಡು ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಯ ಕಡೆಗೂ ಉದ್ಯಮವನ್ನು ಕರೆಯುತ್ತಿದೆ. ಊರಿಗೆ ಮರಳಬಯಸುವವರು ಅಲ್ಲಿ ಹೊಸ ಕಚೇರಿಯ ಎಚ್‌ಆರ್ ಹೊಣೆ ಹೊರುವುದು ಒಳ್ಳೆಯ ಅವಕಾಶವೇ ಸರಿ. ಆದರೆ ಆ ಊರುಗಳಲ್ಲಿ ಇದ್ದ ಕೆಲಸ ಹೋದರೆ ಇನ್ನೊಂದು ತಕ್ಷಣ ಸಿಗುವಷ್ಟು ಕಂಪನಿಗಳು ಇನ್ನೂ ಇಲ್ಲದ ಕಾರಣ, ಒಂದು ವರ್ಷದ ಮನೆಖರ್ಚು ಕೈಯಲ್ಲಿಟ್ಟುಕೊಂಡು ಹೋಗುವುದು ಸರಿ.

ನಲವತ್ತೈದರ ಹೊತ್ತಿಗೆ ದಾರಿ ಮತ್ತೆ ಕವಲೊಡೆಯುತ್ತದೆ. ವಿಭಾಗದ ಮುಖ್ಯಸ್ಥರ ಹುದ್ದೆಗಳು ಕೆಲವೇ ಕೆಲವು. ಅವುಗಳಲ್ಲಿ ಮಂಡಳಿಯ ಒತ್ತಡ, ಲೇಆಫ್‌ನ ಪಟ್ಟಿಗೆ ಸಹಿ ಹಾಕುವ ಭಾರ ಎಲ್ಲವೂ ಸೇರಿರುತ್ತವೆ. ಟಿಸಿಎಸ್ 2025ರ ಜುಲೈನಲ್ಲಿ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಬಿಡುಗಡೆ ಮಾಡುವುದಾಗಿ ಹೇಳಿದಾಗ ಮುಖ್ಯವಾಗಿ ಪೆಟ್ಟು ಬಿದ್ದದ್ದು ಮಧ್ಯಮ ಮತ್ತು ಹಿರಿಯ ಹಂತದವರಿಗೆ. ಎಚ್‌ಆರ್‌ನವರಿಗೂ ಆ ವಯಸ್ಸಿನಲ್ಲಿ ಅದೇ ಅಪಾಯವಿದೆ. ಸ್ವತಂತ್ರ ಸಲಹೆಗಾರರಾಗಿ ಹೊರಡುವುದು ಎರಡನೆಯ ಆಯ್ಕೆ: ಚಿಕ್ಕ ಕಂಪನಿಗಳಿಗೆ ವೇತನ ಶ್ರೇಣಿ ಕಟ್ಟಿಕೊಡುವುದು, ಸಂಹಿತೆಗಳಿಗೆ ಹೊಂದುವಂತೆ ನೀತಿಗಳನ್ನು ತಿದ್ದುವುದು, ಆಂತರಿಕ ಸಮಿತಿಗಳಲ್ಲಿ ಕಾನೂನು ಕಡ್ಡಾಯ ಮಾಡಿರುವ ಹೊರಗಿನ ಸದಸ್ಯರಾಗಿ ಕೂರುವುದು, ನೌಕರರ ಮೇಲಿನ ಆರೋಪಗಳ ಆಂತರಿಕ ವಿಚಾರಣೆಗಳನ್ನು ನಡೆಸಿಕೊಡುವುದು. ಇಂಥ ವಿಷಯ ಬಂದಾಗ ಇವರನ್ನೇ ಕೇಳೋಣ ಎಂದು ಹತ್ತಿಪ್ಪತ್ತು ಕಂಪನಿಗಳವರು ನೆನೆಸಿಕೊಳ್ಳುವಷ್ಟು ಹೆಸರು ಒಂದು ವಿಷಯದಲ್ಲಾದರೂ ಇದ್ದರೆ ಈ ದಾರಿ ನಡೆಯುತ್ತದೆ. ಅಂಥ ವಿಷಯ ಇನ್ನೂ ಕೈಗೆ ಬಂದಿಲ್ಲವೆಂದಾದರೆ, ಉದ್ಯೋಗ ಬಿಡುವ ಬದಲು ಸಾವಿರದೊಳಗಿನ ನೌಕರರಿರುವ ಜಿಸಿಸಿಯೊಂದರಲ್ಲಿ ಎಚ್‌ಆರ್ ಹೊಣೆ ಹಿಡಿದು, ಅಲ್ಲಿಯ ವೇತನದ ಕೆಲಸವನ್ನಾಗಲಿ ಉದ್ಯೋಗಿ ಸಂಬಂಧದ ಕೆಲಸವನ್ನಾಗಲಿ ಕಿರಿಯರಿಗೆ ವಹಿಸದೆ ನಾಲ್ಕೈದು ವರ್ಷ ತಾವೇ ಕೈಯಾರೆ ಮಾಡಿ ನೋಡುವುದು ಉತ್ತಮ.